ಜೋಡಿ ಹಚ್ಚಿದವನು

1983 ಸೆಪ್ಟೆಂಬರ್ 18, ಭಾನುವಾರ. ಹೊನ್ನಾಳಿ

ಬೆಂಗಳೂರು ಬಿಟ್ಟು ವಾರವಾಯಿತು. ತನ್ನ ಮನೆಯಲ್ಲೇ ಇರು ಅಂತ ಅಕ್ಕ ಶಂಕ್ರಮ್ಮ ಪಟ್ಟು ಹಿಡಿದಳು, ನಾನು ಒಪ್ಪಲಿಲ್ಲ. ಭಾವ ವಿರೂಪಾಕ್ಷಪ್ಪನವರ ಅಕ್ಕಿ ಗಿರಣಿಯ ಮೇಲೆ ಒಂದು ಕೋಣೆ ಖಾಲಿ ಬಿದ್ದಿತ್ತು, ಟ್ರಂಕು ಅಲ್ಲಿ ಇಳಿಸಿದೆ. ಕೆಳಗೆ ಗಿರಣಿ ಓಡುವಾಗ ನನ್ನ ಮಂಚವೂ ನಡುಗುತ್ತದೆ. ವಾರವೆಲ್ಲ ಅದನ್ನು ಬೈದುಕೊಂಡೇ ಕಳೆದೆ. ಇವತ್ತು ಗಿರಣಿಗೆ ರಜೆ. ಮಂಚ ಸುಮ್ಮನಿದೆ, ಬೈಯಲು ಏನೂ ಇಲ್ಲ, ನಾನೂ ಸುಮ್ಮನೆ ಕೂತಿದ್ದೇನೆ.

ಇಪ್ಪತ್ತು ವರ್ಷ ಕ್ರೀಡಾ ವರದಿಗಾರನಾಗಿದ್ದೆ. ಕುಸ್ತಿ, ಕಬಡ್ಡಿ, ಖೋಖೋ ನನ್ನ ಪಾಲು. ಜೂನ್‌ನಲ್ಲಿ ನಮ್ಮವರು ಕಪ್ ಗೆದ್ದ ಮೇಲೆ ಪುಟಕ್ಕೆ ಪುಟವೇ ಕ್ರಿಕೆಟ್ ಆಯಿತು. ಗೆದ್ದದ್ದು ನನಗೂ ಸಂತೋಷವೇ, ಆಫೀಸಿನಲ್ಲಿ ಮೇಜು ಹತ್ತಿ ಕುಣಿದವರಲ್ಲಿ ನಾನೂ ಒಬ್ಬ. ಆದರೆ ನನ್ನ ಕುಸ್ತಿ ಮೊದಲು ಅರ್ಧ ಕಾಲಮ್ಮಿಗೆ ಬಂತು, ಆಮೇಲೆ ಎರಡು ಬೆರಳಗಲಕ್ಕೆ. ಕೊನೆಗೆ ರಾಜ್ಯ ಮಟ್ಟದ ಕುಸ್ತಿಯ ವರದಿ ತೆಗೆದುಹಾಕಿ, ಅಲ್ಲಿ ಒಬ್ಬ ಆಟಗಾರ ಹೊಸ ಸ್ಕೂಟರ್ ಮೇಲೆ ಕೂತ ಫೋಟೋ ಹಾಕಿದರು. ಕುಸ್ತಿ ಯಾರು ಓದ್ತಾರೆ ತಿಪ್ಪೇಶಪ್ಪ ಅಂದರು ಹೊಸ ಸಂಪಾದಕರು. ಪೆನ್ನು ಮೇಜಿನ ಮೇಲಿಟ್ಟು ಎದ್ದು ಬಂದೆ. ಯಾರಾದರೂ ಹಿಂದೆ ಓಡಿಬಂದು ತಡೆಯಲಿ ಅಂತ ಮೆಟ್ಟಿಲಿನ ಮೇಲೆ ಸ್ವಲ್ಪ ನಿಧಾನ ಮಾಡಿದೆ. ಯಾರೂ ಬರಲಿಲ್ಲ.

ಮದುವೆಯಾಗಲಿಲ್ಲ. ಸಂಜೆಗಳೆಲ್ಲ ಮೈದಾನಕ್ಕೆ ಹೋದವು, ರಾತ್ರಿಗಳೆಲ್ಲ ಡೆಸ್ಕಿಗೆ. ಹೆಣ್ಣು ನೋಡುವ ಹೊತ್ತು ಇವೆರಡರ ನಡುವೆ ಸಿಗಲಿಲ್ಲ. ಈಗ ಹೊತ್ತು ಬೇಕಾದಷ್ಟಿದೆ, ವಯಸ್ಸು ಮಾತ್ರ ನಲವತ್ತಾರು. ಸಂಜೆಯಾದರೆ ಏನಾದರೂ ಬರೆಯಬೇಕು ಅಂತ ಕೈ ಕಡಿಯುತ್ತದೆ, ಅದಕ್ಕೇ ಈ ಡೈರಿ. ಇದನ್ನಾದರೂ ಯಾರೂ ಕತ್ತರಿಸುವ ಹಾಗಿಲ್ಲ.

ಸೆಪ್ಟೆಂಬರ್ 27, ಮಂಗಳವಾರ

ಬಸ್ ಸ್ಟ್ಯಾಂಡಿನಲ್ಲಿ ಪತ್ರಿಕೆ ಕೊಂಡೆ. ಕ್ರೀಡಾಪುಟದಲ್ಲಿ ಮೂರು ತಪ್ಪು ಹುಡುಕಿದೆ. ಹೇಳಿಕೊಳ್ಳಲು ಯಾರೂ ಇಲ್ಲ.

ಅಕ್ಕ ಊಟಕ್ಕೆ ಕರೆದಿದ್ದಳು. ಹೋದರೆ ಮುಂದೇನು ಮಾಡ್ತೀಯ ಅಂತ ಕೇಳುತ್ತಾಳೆ. ಹೋಟೆಲಿನಲ್ಲೇ ಉಂಡೆ.

ಅಕ್ಟೋಬರ್ 19, ಬುಧವಾರ

ದಸರೆ ಗಲಾಟೆ ಮುಗಿಯಿತು. ಹೊಳೆಗೆ ಹೋಗುವ ದಾರಿಯಲ್ಲಿ ಗರಡಿಮನೆ ಇದೆ. ಮೂರು ದಿನದಿಂದ ಅದರ ಬಾಗಿಲಲ್ಲಿ ನಿಂತು ನೋಡಿ ಬರುತ್ತಿದ್ದೆ. ನೋಡುವುದೊಂದೇ ನನಗೆ ಬರುವ ವಿದ್ಯೆ. ಇವತ್ತು ಅಲ್ಲಿ ಕುಸ್ತಿ ಕಲಿಸುವ ವಸ್ತಾದರು ಷಣ್ಮುಖಪ್ಪ ಗುರುತು ಹಿಡಿದು ಒಳಗೆ ಕರೆದರು. ನಾನು ಎಂದೋ ಬರೆದ ಸಾಲುಗಳನ್ನು ಅವರೇ ನನಗೆ ಹೇಳಿದರು. ಕಣ್ಣಲ್ಲಿ ನೀರು ಬಂತು, ಕೆಮ್ಮಿ ಮರೆಸಿದೆ.

ಸುತ್ತಲಿನ ಊರುಗಳಲ್ಲಿ ಎಲ್ಲೇ ಕುಸ್ತಿ ಇಟ್ಟರೂ ಜೋಡಿ ಹಚ್ಚುವವರು ಇವರು. ಯಾರಿಗೆ ಯಾರು ಸಮ ಅಂತ ಗೊತ್ತುಮಾಡುವ ಕೆಲಸ. ಪೈಲ್ವಾನನ ಭುಜ, ಕುತ್ತಿಗೆ ಮುಟ್ಟಿ ನೋಡಬೇಕು, ಉಸಿರು ನೋಡಬೇಕು. ಆಮೇಲೆ ಇಬ್ಬರ ಕೈ ಹಿಡಿದು ಅಖಾಡದ ಸುತ್ತ ನಡೆಸಿ ಜನಕ್ಕೆ ತೋರಿಸಬೇಕು. ಜೋಡಿ ಐತೆ ಅಂದರೆ ಕುಸ್ತಿ. ಜೋಡಿ ಇಲ್ಲ ಅಂತ ಕೂಗಿದರೆ ಕೈ ಬಿಟ್ಟು ಬೇರೆಯವರನ್ನು ಹುಡುಕಬೇಕು. ಷಣ್ಮುಖಪ್ಪನವರಿಗೆ ಈಗ ಉಬ್ಬಸ, ಅರ್ಧ ಸುತ್ತಿಗೇ ಕೂತುಬಿಡುತ್ತಾರೆ.

"ನಾಕು ಜಿಲ್ಲೆ ಪೈಲ್ವಾನ್ರು ನಿಮ್ ತಲೇಲಿ ಅದಾರೆ," ಅಂದರು. "ಮುಂದಿನ ತಿಂಗಳು ನ್ಯಾಮತೀಲಿ ನೀವೇ ಜೋಡಿ ಹಚ್ರಿ. ಒಂದು ನೆನಪಿಟ್ಕಳ್ರಿ. ಹಚ್ಚಿದ ಮ್ಯಾಲೆ ತಪ್ಪಾತು ಅನ್ನಂಗಿಲ್ಲ. ಹಂಗಂದೋನ್ನ ಇನ್ನೊಂದ್ಸಲ ಯಾರೂ ಅಖಾಡಕ್ಕೆ ಕರೆಯಲ್ಲ."

ನನಗೇಕೆ ಈ ಉಸಾಬರಿ ಅಂದೆ. ಮನೆಗೆ ಬಂದು ಟ್ರಂಕಿನ ತಳದಿಂದ ಬಿಳಿ ಪಂಚೆ ತೆಗೆದು ಒಗೆದು ಹಾಕಿದೆ.

ನವೆಂಬರ್ 20, ಭಾನುವಾರ. ನ್ಯಾಮತಿ

ಶಾಲೆಯ ಕಟ್ಟಡದ ಸಹಾಯಕ್ಕೆ ಇಟ್ಟ ಕುಸ್ತಿ. ಒಬ್ಬರೂ ಜೋಡಿ ಇಲ್ಲ ಅನ್ನಲಿಲ್ಲ.

ಷಣ್ಮುಖಪ್ಪನವರು ಮೈಕ್ ಮುಟ್ಟುವವರಲ್ಲ. ನಾನು ಮುಟ್ಟಿದೆ. ಪ್ರತಿ ಪೈಲ್ವಾನನ ಕೈ ಹಿಡಿದು, ಇವನು ಎಲ್ಲಿ ಯಾರನ್ನು ಯಾವ ಪಟ್ಟಿನಲ್ಲಿ ಚಿತ್ ಮಾಡಿದ ಅಂತ ಬಾಯಿಪಾಠ ಒಪ್ಪಿಸಿದೆ. ಹಲಗೆ ಬಾರಿಸುವವರು ನನ್ನ ಮಾತಿಗೆ ತಾಳ ಹಾಕತೊಡಗಿದರು. ಸಪ್ಪೆ ಮುಖದ ಪೈಲ್ವಾನನೂ ತನ್ನ ಹೆಸರು ಹಾಗೆ ಕೇಳಿದ್ದೇ ಎದೆ ಉಬ್ಬಿಸಿ ನಿಂತ. ನಾನು ಬರೆದದ್ದನ್ನು ಓದಿದ ಒಂದು ಮುಖವನ್ನೂ ಇಷ್ಟು ವರ್ಷ ನೋಡಿರಲಿಲ್ಲ. ಇವತ್ತು ಸಾವಿರ ಮುಖ ನೋಡಿದೆ. ಕೊನೆಯ ಕುಸ್ತಿ ಹರಿಹರದವನು ಗೆದ್ದ, ಒಳ್ಳೆಯ ಕುಸ್ತಿ.

ಮಾತಿನ ಭರದಲ್ಲಿ ಒಂದು ಜೋಡಿಯ ಭುಜ ನೋಡುವುದು ಮರೆತೆ. ಏನೂ ಆಗಲಿಲ್ಲ. ಬಸ್ಸಿನಲ್ಲಿ ಷಣ್ಮುಖಪ್ಪ, ಮೈಕ್ ಒಂಚೂರು ಕಮ್ಮಿ ಮಾಡ್ರಿ ಅಂದರು. ಹೊಟ್ಟೆಕಿಚ್ಚು ವಸ್ತಾದರನ್ನೂ ಬಿಟ್ಟಿಲ್ಲ.

ಡಿಸೆಂಬರ್ 11, ಭಾನುವಾರ. ಚನ್ನಗಿರಿ

ಆದದ್ದು ಆದ ಹಾಗೆ ಬರೆಯುತ್ತೇನೆ.

ಮಧ್ಯಾಹ್ನ ಜನರ ನಡುವೆ ಜಗಳೂರಿನ ಬೀರಲಿಂಗಪ್ಪನನ್ನು ಕಂಡೆ. ಹೆಗಲ ಮೇಲೆ ಕಂಬಳಿ, ತಲೆಗೆ ರುಮಾಲು. 1976ರಲ್ಲಿ ದಾವಣಗೆರೆಯಲ್ಲಿ ಅವನು ಆಡಿದ ಕುಸ್ತಿಯ ಮೇಲೆ ನಾನು ಬರೆದಂತೆ ಇನ್ನಾವುದರ ಮೇಲೂ ಬರೆದಿಲ್ಲ. ಮೈಕಿನಲ್ಲಿ ಹೆಸರು ಹಿಡಿದು ಕರೆದೆ. ಅವನು ಕೈ ಮುಗಿದು ಬೇಡ ಅಂತ ತಲೆಯಾಡಿಸಿದ. ದೊಡ್ಡವರ ವಿನಯ ಅಂದುಕೊಂಡೆ. ಆ ಕುಸ್ತಿಯನ್ನು ಮೊದಲಿಂದ ಕೊನೆಯವರೆಗೆ ಹೇಳಿದೆ. ಜನ ಎದ್ದು ನಿಂತರು, ಹಲಗೆ ಶುರುವಾಯಿತು. ಅವನು ಇನ್ನೊಮ್ಮೆ ಕೈ ಮುಗಿದ. ನಾನು ಇನ್ನಷ್ಟು ಹೊಗಳಿದೆ. ಕೊನೆಗೆ ರುಮಾಲು ಬಿಚ್ಚಿ ಪಕ್ಕದವರ ಕೈಗೆ ಕೊಟ್ಟು ಇಳಿದು ಬಂದ.

ಇಲ್ಲಿಯವನೇ ಚಿಕ್ಕಹನುಮಂತಪ್ಪ, ಇಪ್ಪತ್ತನಾಲ್ಕರ ಹುರಿಯಾಳು, ಅವನ ಜೊತೆ ಜೋಡಿ ಹಚ್ಚಿದೆ. ಬೀರಲಿಂಗಪ್ಪನ ಭುಜ ಮುಟ್ಟಲಿಲ್ಲ. ಉಸಿರು ನೋಡಲಿಲ್ಲ. ನನಗೆ ಗೊತ್ತಿರುವ ಭುಜವಲ್ಲವೇ ಅದು. ಕೈ ಹಿಡಿದು ಸುತ್ತು ಹಾಕಿಸಿದೆ, ಜೋಡಿ ಐತೆ ಅಂತ ಇಡೀ ಮೈದಾನ ಕೂಗಿತು.

ಮೊದಲ ಹಿಡಿತಕ್ಕೇ ಹೋಯಿತು. ಬೀರಲಿಂಗಪ್ಪನ ಎಡಭುಜದ ಮೂಳೆ ಮುರಿದ ಸದ್ದು ಮೈಕಿನ ಹತ್ತಿರವಿದ್ದ ನನಗೂ ಕೇಳಿಸಿತು. ಗೆದ್ದ ಹುಡುಗ ಕೈ ಎತ್ತಲೇ ಇಲ್ಲ, ಕೆಳಗೆ ಕೂತು ಅವನ ತಲೆ ಹಿಡಿದುಕೊಂಡ.

ಡಿಸೆಂಬರ್ 12, ಸೋಮವಾರ

ಅಕ್ಕ ಊಟ ತಂದಿಟ್ಟು ಹೋದಳು. ಏನೂ ಕೇಳಲಿಲ್ಲ.

ಡಿಸೆಂಬರ್ 30, ಶುಕ್ರವಾರ

ಗಿರಣಿಯ ಫೋನಿಗೆ ಬೆಂಗಳೂರಿನಿಂದ ಟ್ರಂಕ್ ಕಾಲ್. ಸಂಪಾದಕರೇ ಮಾತಾಡಿದರು. ಭಾನುವಾರದ ಪುರವಣಿಗೆ ಕ್ರಿಕೆಟ್ ಹಿಂದಿನ ಕಥೆಗಳು ಬೇಕಂತೆ, ನಿಮ್ಮ ಕೈಯೇ ಬೇಕು ಅಂದರು. ಮೂರು ತಿಂಗಳ ಹಿಂದೆ ಈ ಮಾತು ಬಂದಿದ್ದರೆ ನಡೆದುಕೊಂಡೇ ಬೆಂಗಳೂರು ಸೇರುತ್ತಿದ್ದೆ. ಫೆಬ್ರವರಿ ಮೊದಲ ವಾರ ಹೇಳ್ತೀನಿ ಅಂದೆ. ಯಾಕೆ ಹಾಗಂದೆನೋ.

ಭಾವ ಲೆಕ್ಕ ಬರೆಯುತ್ತಲೇ, ಹೋಗ್ತೀಯೇನು ಅಂದರು. ಹೋಗಬೇಕು ಅಂದೆ. ಇಲ್ಲಿ ನನ್ನದು ಅಂತ ಇರುವುದು ಒಂದು ಮಂಚ, ಅದೂ ಅವರದೇ.

1984 ಜನವರಿ 6, ಶುಕ್ರವಾರ. ಜಗಳೂರು

ಬೆಂಗಳೂರಿಗೆ ಹೋಗುವುದಾದರೆ ಮೊದಲು ಒಂದು ಸಲ ಮುಖ ತೋರಿಸಿ ಹೋಗಬೇಕು ಅನ್ನಿಸಿತು. ಬಸ್ಸಿಳಿದು ಕೇಳಿಕೊಂಡು ಬಂದೆ. ಮರ ಕಡಿಮೆ, ಆಕಾಶ ಬಹಳ. ಬೀರಲಿಂಗಪ್ಪನವರ ಮನೆ ಊರ ಹೊರಗೆ, ಕುರಿ ಹಟ್ಟಿಗೆ ಹೊಂದಿಕೊಂಡಂತೆ. ಭುಜಕ್ಕೆ ಪಟ್ಟಿ ಕಟ್ಟಿಕೊಂಡು ಜಗುಲಿಯ ಮೇಲೆ ಕೂತಿದ್ದರು. ನನ್ನನ್ನು ನೋಡಿ ಏಳಲು ಹೋದರು. ಅದೊಂದು ಸಾಕಾಯಿತು ನನಗೆ, ನಿಂತಲ್ಲೇ ಅತ್ತುಬಿಟ್ಟೆ.

ಅವರು ಪಕ್ಕಕ್ಕೆ ಸರಿದು ಕೂರಲು ಜಾಗ ಕೊಟ್ಟರು. ಅನ್ನಬೇಕಾದ್ದನ್ನು ಅಂದದ್ದು ಅವರ ಹೆಂಡತಿ ಭೀಮಕ್ಕ. ನೀರು ಕೊಟ್ಟು, ನಾನು ಕುಡಿದು ಮುಗಿಸುವವರೆಗೆ ಕಾದು, ಎದುರಿಗೇ ಹೇಳಿದರು.

"ಕುಸ್ತಿ ಬಿಟ್ಟು ಎರಡು ವರ್ಸ ಆಗಿತ್ತು ಅಣ್ಣಾರೆ. ಅವತ್ತು ಟಗರು ಮಾರಾಕೆ ಅಂತ ಹೋಗಿದ್ರು. ನೀವು ಹೊಗಳದೇ ಇದ್ದಿದ್ರೆ ಎರಡೂ ಕೈ ಇಟ್ಕಂಡು ಮನೀಗೆ ಬರ್ತಿದ್ರು."

ಯಾಕೆ ಇಳಿದಿರಿ ಅಂತ ಬೀರಲಿಂಗಪ್ಪನವರನ್ನು ಕೇಳಿದೆ. ಕೇಳಬಾರದಿತ್ತು. ಅಷ್ಟು ಜನದ ಮುಂದೆ ಪೇಪರ್ನೋರು ಹಂಗೆ ಹೇಳಿದ ಮೇಲೆ ಕಂಬಳಿ ಹೊದ್ಕಂಡು ಕೂರಾಕೆ ಹೆಂಗಾಗ್ತೈತೆ ಅಂದರು. ಸಿಟ್ಟಿನಿಂದಲ್ಲ, ನಾಚಿಕೆಯಿಂದ.

ಜನವರಿ 9, ಸೋಮವಾರ

ಹೊರಟವನನ್ನು ಭೀಮಕ್ಕ ತಡೆದರು. ಉಪಚಾರಕ್ಕಲ್ಲ, ನೀರು ಸೇದಲು ಆಳಿಲ್ಲ ಅಂತ. ಮೂರು ದಿನದಿಂದ ಸೇದುತ್ತಿದ್ದೇನೆ. ಅಂಗೈಯಲ್ಲಿ ಬೊಬ್ಬೆ ಬಂದಿವೆ. ಕುರಿಗಳಿಗೆ ನಾನು ಅಂದರೆ ಲೆಕ್ಕಕ್ಕಿಲ್ಲ. ಬಾ ಅಂದರೆ ಹೋಗುತ್ತವೆ, ಹೋಗು ಅಂದರೆ ಬರುತ್ತವೆ. ಬೀರಲಿಂಗಪ್ಪ ಜಗುಲಿಯಿಂದ ನೋಡಿ, ನೋವಾಗುವಷ್ಟು ನಕ್ಕರು.

ರೊಟ್ಟಿ ತಟ್ಟುತ್ತ ಭೀಮಕ್ಕ ನಮ್ಮಿಬ್ಬರನ್ನೂ ಒಟ್ಟಿಗೆ ಕೂರಿಸಿ ಬಡಿಸುತ್ತಾರೆ. ಇವತ್ತು ಪತ್ರಿಕೆಯ ನೆನಪೇ ಆಗಲಿಲ್ಲ, ಇಲ್ಲಿಗೆ ಬರುವುದೂ ಇಲ್ಲ.

ಇನ್ನು ಜೋಡಿ ಹಚ್ಚುವುದಿಲ್ಲ ಅಂತ ಹೇಳಿದೆ. ಹಚ್ರಿ, ಮೈಕ್ ಮಾತ್ರ ಹಿಡೀಬ್ಯಾಡ್ರಿ ಅಂದರು ಬೀರಲಿಂಗಪ್ಪ.

ಫೆಬ್ರವರಿ 5, ಭಾನುವಾರ. ಹೊನ್ನಾಳಿ

ಹೊಳೆ ಇಳಿದಿದೆ, ಮರಳಿನ ಮೇಲೆ ಅಖಾಡ. ಮೈಕನ್ನು ಬೇರೆಯವರಿಗೆ ಕೊಟ್ಟಿದ್ದೆ. ಪ್ರತಿಯೊಬ್ಬನ ಭುಜ, ಕುತ್ತಿಗೆ, ಉಸಿರು ನೋಡಿ ಹಚ್ಚಿದೆ. ನಿಧಾನವಾಯಿತು, ಜನ ಗೊಣಗಿದರು. ಷಣ್ಮುಖಪ್ಪ ಕುರ್ಚಿಯಲ್ಲಿ ಕೂತು ಒಮ್ಮೆ ತಲೆಯಾಡಿಸಿದರು. ಇದೇ ನನ್ನ ಕೆಲಸ ಅಂತ ಆಗ ನನಗೆ ಖಂಡಿತವಾಗಿ ಅನ್ನಿಸಿತು. ಬೆಂಗಳೂರಿಗೆ ಬರುವುದಿಲ್ಲ ಅಂತ ನಾಳೆ ಫೋನ್ ಮಾಡಿ ಹೇಳುವುದೆಂದು ಅಲ್ಲೇ ನಿಶ್ಚಯಿಸಿದೆ.

ಬಿಸಿಲು ಇಳಿಯುವ ಹೊತ್ತಿಗೆ ಬೀರಲಿಂಗಪ್ಪ ಬಂದರು, ಹಿಂದೆಯೇ ಭೀಮಕ್ಕ. ಭುಜದ ಪಟ್ಟಿ ಬಿಚ್ಚಿದ್ದರು. ಅಲ್ಲೇ ಇದ್ದ ಚಿಕ್ಕಹನುಮಂತಪ್ಪನ ಜೊತೆ ಇನ್ನೊಂದು ಸಲ ಜೋಡಿ ಬೇಕು ಅಂದರು. ಒಂದೇ ಹಿಡಿತಕ್ಕೆ ಬಿದ್ದ ಅಂತ ಸಂತೆಯಲ್ಲಿ ಆಡಿಕೊಳ್ಳುತ್ತಿದ್ದಾರಂತೆ. ಜನಕ್ಕೆ ಸುದ್ದಿ ಹತ್ತಿತು, ಹಲಗೆ ಜೋರಾಯಿತು. ಭೀಮಕ್ಕ ನನ್ನ ಪಕ್ಕ ಬಂದು, ಹೂಂ ಅನ್ನಬ್ಯಾಡ್ರಿ ಅಣ್ಣಾರೆ, ಆ ಕೈಲಿ ಕೊಡ ಎತ್ತಾಕೆ ಆಗಲ್ಲ ಅಂದರು.

ಭುಜ ಮುಟ್ಟಿದೆ. ಮೂಳೆ ಸೊಟ್ಟ ಕೂಡಿದೆ, ಕೈ ಕಿವಿಯವರೆಗೂ ಏಳುವುದಿಲ್ಲ. ನಡೀರಿ ಅಂದರು ಬೀರಲಿಂಗಪ್ಪ ಮೆಲ್ಲಗೆ. ಅವರ ಮುಖ ನೋಡಿ ಇಲ್ಲ ಅನ್ನಲಾಗಲಿಲ್ಲ. ಇಬ್ಬರ ಕೈ ಹಿಡಿದು ನಡೆದೆ. ಜನರೇ ಜೋಡಿ ಇಲ್ಲ ಅಂತ ಕೂಗಿ ಉಳಿಸುತ್ತಾರೆ ಅಂದುಕೊಂಡೆ. ಅವರಿಗೇನು ಗೊತ್ತು ಆ ಭುಜ. ಜೋಡಿ ಐತೆ, ಜೋಡಿ ಐತೆ ಅಂತಲೇ ಕೂಗಿದರು.

ಅರ್ಧ ಸುತ್ತಿಗೆ ನಿಂತು ಎರಡೂ ಕೈ ಬಿಟ್ಟೆ.

"ಈ ಜೋಡಿ ಇಲ್ಲ," ಅಂದೆ. ಮೈಕ್ ಇಲ್ಲದೆ, ಗಂಟಲು ಹರಿಯುವ ಹಾಗೆ. "ಚನ್ನಗಿರಿಯಲ್ಲೂ ಇರಲಿಲ್ಲ. ಅವತ್ತು ನಾನು ನೋಡದೆ ಹಚ್ಚಿದೆ, ತಪ್ಪು ನನ್ನದು. ತಪ್ಪು ಜೋಡಿಯ ಸೋಲು ಸೋಲಲ್ಲ."

ಜನ ಮರಳು ತೂರಿದರು. ನನ್ನ ಮೇಲೆ ಬಿದ್ದದ್ದಕ್ಕೆ ಬೇಜಾರಿಲ್ಲ. ಷಣ್ಮುಖಪ್ಪನವರು ಮುಖ ತಿರುಗಿಸಿ ಎದ್ದು ಹೋದರು, ಅದು ಬಡಿಯಿತು. ಇನ್ನು ಯಾವ ಊರಿನವರೂ ನನ್ನನ್ನು ಕರೆಯುವುದಿಲ್ಲ, ಅದು ಗೊತ್ತಿದ್ದೇ ಬಾಯಿ ಬಿಟ್ಟೆ. ಬೀರಲಿಂಗಪ್ಪನವರಾದರೂ ತಲೆ ಎತ್ತಿ ಊರಿಗೆ ಹೋಗುತ್ತಾರೆ ಅಂದುಕೊಂಡಿದ್ದೆ.

ಭೀಮಕ್ಕ ಅವರಿಗೆ ಅಂಗಿಯ ಗುಂಡಿ ಹಾಕುತ್ತಿದ್ದರು. ಹತ್ತಿರ ಹೋದೆ.

"ಸೋತಿದ್ದು ನಾನು," ಅಂದರು ಬೀರಲಿಂಗಪ್ಪ. "ಇಳಿದಿದ್ದು ನನ್ ಕಾಲ್ಮ್ಯಾಲೆ. ಅದನ್ನೂ ನಿಮ್ದು ಮಾಡ್ಕಂಬಿಟ್ರಿ."

ಹಿಂದಿರುಗಿ ನೋಡದೆ ಹೋದರು.

ಫೆಬ್ರವರಿ 6, ಸೋಮವಾರ

ಬೆಂಗಳೂರಿಗೆ ಕಾಲ್ ಬುಕ್ ಮಾಡಿ ಗಿರಣಿಯಲ್ಲೇ ಕೂತೆ. ನಿನ್ನೆ ಮಧ್ಯಾಹ್ನ ಅಂದುಕೊಂಡಿದ್ದ ಕಾರಣ ಇವತ್ತು ಉಳಿದಿಲ್ಲ. ಅಖಾಡ ಹೋಯಿತು. ಬುದ್ಧಿ ಇದ್ದವನು ಬಸ್ಸು ಹತ್ತಬೇಕು. ಹತ್ತುವುದೆಂದೇ ಕೂತಿದ್ದೆ.

ಲೈನ್ ಸಿಕ್ಕಿದಾಗ ಬರುವುದಿಲ್ಲ ಅಂದೆ. ಯಾಕೆ ಅಂತ ಸಂಪಾದಕರು ಎರಡು ಸಲ ಕೇಳಿದರು. ಇಲ್ಲಿ ಒಬ್ಬರಿಗೆ ನನ್ನ ಮೇಲೆ ಸಿಟ್ಟಿದೆ ಸಾರ್, ಅದು ಹಾಗೇ ಇರುವಾಗ ಊರು ಬಿಡಲಾರೆ ಅಂದೆ. ಲೈನ್ ಸರಿ ಇಲ್ಲ ಅಂತ ಅವರು ಫೋನ್ ಇಟ್ಟರು.

ಭಾವ ಅಕ್ಕಿ ಮೂಟೆಗಳಿಗೆ ಚೀಟಿ ಬರೆಯುವ ಕೆಲಸ ಮುಂದಿಟ್ಟರು. ಬರೆದೆ.

ಫೆಬ್ರವರಿ 26, ಭಾನುವಾರ

ನ್ಯಾಮತಿಯಲ್ಲಿ ಕುಸ್ತಿ ಇತ್ತಂತೆ. ಯಾರೂ ಹೇಳಲಿಲ್ಲ. ಗರಡಿಯ ದಾರಿ ಬಿಟ್ಟು ಸುತ್ತು ಹಾಕಿ ಅಕ್ಕನ ಮನೆಗೆ ಹೋಗಿ ಉಂಡು ಬಂದೆ. ಜಗಳೂರಿನ ಬಸ್ಸು ಬಂದಾಗಲೆಲ್ಲ ಇಳಿಯುವವರನ್ನು ನೋಡುವುದು ಒಂದು ಚಟವಾಗಿದೆ. ಗಿರಣಿಯ ಸದ್ದು ನಿಂತರೆ ಮನಸ್ಸಿಗೆ ಸಮಾಧಾನವಿರುವುದಿಲ್ಲ.

ಮಾರ್ಚ್ 18, ಭಾನುವಾರ. ಸವಳಂಗ

ನಾನೇ ಬಸ್ಸು ಹತ್ತಿ ಹೋದೆ. ಯಾರೂ ಕರೆದಿರಲಿಲ್ಲ. ಜನರ ನಡುವೆ ನಿಂತೆ. ವರದಿಗಾರನಿಗೆ ಒಂದು ಕುರ್ಚಿ ಹಾಕುತ್ತಾರೆ, ಜನರ ನಡುವೆ ನಿಂತು ಕುಸ್ತಿ ನೋಡಿದ್ದು ನನಗೆ ನೆನಪಿಲ್ಲ. ಮುಂದೆ ನಿಂತವರ ತಲೆಯೇ ಹೆಚ್ಚು ಕಾಣುತ್ತದೆ.

ಈಗ ಜೋಡಿ ಹಚ್ಚುವವರು ಮಹೇಶ್ವರಪ್ಪ ಅಂತ, ಷಣ್ಮುಖಪ್ಪನವರ ಶಿಷ್ಯ. ಕೊನೆಗೆ ದೊಡ್ಡ ಕುಸ್ತಿಗೆ ಇಬ್ಬರನ್ನು ಹಿಡಿದು ನಡೆಸಿದರು. ನನ್ನ ಮುಂದೆ ಹಾದಾಗ ಒಬ್ಬನ ಉಸಿರು ನೋಡಿದೆ. ಪಕ್ಕೆ ಒಂದೇ ಕಡೆ ಏಳುತ್ತಿತ್ತು. ಇನ್ನೊಂದು ಕಡೆಯ ನೋವನ್ನು ಆತ ಒಳಗೇ ಹಿಡಿದುಕೊಂಡಿದ್ದ. ನಗುತ್ತಿದ್ದ. ಮಹೇಶ್ವರಪ್ಪ ಜನರ ಕಡೆ ನೋಡುತ್ತಿದ್ದರು.

"ಜೋಡಿ ಇಲ್ಲ."

ನನ್ನದೇ ದನಿ ಅಂತ ತಿಳಿಯಲು ಗಳಿಗೆ ಹಿಡಿಯಿತು. ಸುತ್ತಲಿನವರು ತಿರುಗಿದರು. ಯಾರೋ ಗುರುತು ಹಿಡಿದು, ಹೊನ್ನಾಳಿಯ ಆಸಾಮಿ, ಇವರಿಗೆ ಯಾವ ಜೋಡೀನೂ ಸರಿ ಬರಲ್ಲ ಅಂದ. ನಕ್ಕರು. ಕಿವಿ ಬಿಸಿಯಾಯಿತು. ಆದರೂ ಇನ್ನೊಮ್ಮೆ ಕೂಗಿದೆ. ನಗು ಜಾಸ್ತಿಯಾಯಿತು. ಮಹೇಶ್ವರಪ್ಪ ಮುಂದಕ್ಕೆ ನಡೆದರು. ಅಷ್ಟು ಜನರ ನಡುವೆ ಅಷ್ಟು ಒಂಟಿಯಾಗಿ ನಾನು ಎಂದೂ ನಿಂತಿರಲಿಲ್ಲ.

ಆಗ ಅಖಾಡದ ಆಚೆ ಬದಿಯಿಂದ ಇನ್ನೊಂದು ದನಿ ಬಂತು. "ಜೋಡಿ ಇಲ್ಲ."

ಬೀರಲಿಂಗಪ್ಪ ನಿಂತಿದ್ದರು. ಎಡಗೈ ಮೈಗೆ ಒತ್ತಿಕೊಂಡಿತ್ತು, ಬಲಗೈ ಮೇಲೆತ್ತಿದ್ದರು. ಅವರು ಕೂಗಿದ ಮೇಲೆ ಯಾರೂ ನಗಲಿಲ್ಲ. ಅವರ ಪಕ್ಕದವನು ಕೂಗಿದ, ಅವನ ಹಿಂದಿನವನು ಕೂಗಿದ, ಕೊನೆಗೆ ನನ್ನ ಪಕ್ಕ ನಕ್ಕಿದ್ದವನೂ ಕೂಗಿದ. ಮಹೇಶ್ವರಪ್ಪ ಕೈ ಬಿಟ್ಟರು. ನಗುತ್ತಿದ್ದ ಪೈಲ್ವಾನ ಅಲ್ಲೇ ಕುಕ್ಕರಿಸಿ ಪಕ್ಕೆ ಹಿಡಿದುಕೊಂಡ.

ನಾನು ಜನರನ್ನು ಬಳಸಿಕೊಂಡು ಆಚೆಗೆ ಹೋದೆ. ಅವರು ಈಚೆಗೆ ಬರುತ್ತಿದ್ದರು. ನಡುವೆ ಸಿಕ್ಕೆವು. ರಸ್ತೆಯವರೆಗೆ ಒಟ್ಟಿಗೆ ನಡೆದೆವು.

ಪೇಪರ್ ಅಣ್ಣಾರು ಯಾಕೆ ಬರಲೇ ಇಲ್ಲ ಅಂತ ಭೀಮಕ್ಕ ಕೇಳುತ್ತಾರಂತೆ. ನಿಮಗೆ ಸಿಟ್ಟು ಬಂದಿತ್ತಲ್ಲ ಅಂದೆ.

"ಸಿಟ್ಟು ಈಗ್ಲೂ ಐತೆ," ಅಂದರು ಬೀರಲಿಂಗಪ್ಪ. "ಸಿಟ್ಟಿದ್ರೆ ಬರಾಕೇನಾಗಿತ್ತು?"

ದಾವಣಗೆರೆಯ ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ, ಅಲ್ಲಿಂದ ಜಗಳೂರಿಗೆ ಬೇರೆ ಬಸ್ಸು. ಅವರು ಕಿಟಕಿಗೆ ತಲೆ ಕೊಟ್ಟು ನಿದ್ದೆ ಹೋಗಿದ್ದಾರೆ. ಕೊನೆಯ ಕುಸ್ತಿಗೆ ಆಮೇಲೆ ಯಾರನ್ನು ಹಚ್ಚಿದರೋ, ಯಾರು ಗೆದ್ದರೋ, ನಾವು ನೋಡಲಿಲ್ಲ.